ನೆಟ್ಟಗೆ ನಿಲ್ಲಿಸಿದ ಹಿಡಿಸೂಡಿ

ಕಾರ್ಕಳದಿಂದ ಅತ್ತೆ ಬರುವ ದಿನ ನಾನು ಬನ್ನಂಜೆಯ ನಮ್ಮ ಮನೆಯ ಬಾಗಿಲ ಪಕ್ಕದಲ್ಲಿ ಹಿಡಿಸೂಡಿಯನ್ನು ತುದಿ ಮೇಲಾಗಿ ನೆಟ್ಟಗೆ ನಿಲ್ಲಿಸಿಡುತ್ತೇನೆ. ತೆಂಗಿನ ಕಡ್ಡಿಯ ಈ ಪೊರಕೆಯನ್ನು ಮಲಗಿಸಿಯೇ ಇಡಬೇಕು, ನಿಲ್ಲಿಸಿದರೆ ಮನೆಗೆ ಒಳ್ಳೆಯದಲ್ಲ ಎಂಬುದು ಅತ್ತೆಯ ಶಾಸನ. ನೋಡಿದ ನೆರೆಯವರು, ಪಾಪ, ಗದಗಿನ ಹುಡುಗಿ, ಇವಳಿಗೇನು ಗೊತ್ತು ಎಂದು ಕ್ಷಮಿಸಿಬಿಡುತ್ತಾರೆ. ನನಗೆ ಗೊತ್ತಿದೆ. ಗೊತ್ತಿದ್ದೇ ನಿಲ್ಲಿಸುತ್ತೇನೆ.

ಅತ್ತೆ ಲೋಕದ ಜೊತೆಗೆಲ್ಲ ತುಳುವಿನಲ್ಲಿ ಮಾತನಾಡುವವರು. ಕನ್ನಡವನ್ನು ಬಳಸುತ್ತಿದ್ದುದು ಘಟ್ಟದ ಮೇಲಿನಿಂದ ಬಂದ ಸೊಸೆಯನ್ನು ಬೈಯುವುದಕ್ಕೆ. ಹೀಗಾಗಿ ನನಗೆ ಪಠ್ಯಪುಸ್ತಕದಷ್ಟು ಶುದ್ಧವಾದ ಭಾಷೆಯಲ್ಲಿ ಬೈಸಿಕೊಳ್ಳುವ ಭಾಗ್ಯವಿತ್ತು. ಕಾಯಿ ಕಡಿಮೆಯಿರುವ ನನ್ನ ಸಾರನ್ನು ಬಾಯಿಗಿಟ್ಟವರೇ, "ನಿಮ್ಮ ಊರಿನಲ್ಲಿ ತೆಂಗಿನಕಾಯಿಯನ್ನು ದೇವರಿಗೆ ಮಾತ್ರ ಒಡೆಯುವುದಾ?" ಎಂದು ಕೇಳುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅವರಿಗೆ ಜ್ವರ ಬಂತು, ಕಾರ್ಕಳದಿಂದ ನಮ್ಮ ಮನೆಗೆ ಕರೆತಂದೆವು. ಮೈಕೈ ನೋವಿನಿಂದ ನರಳಿದರು, ಮಲಗಿದಲ್ಲಿಂದಲೇ ನನ್ನನ್ನು ಬೈದರು, ಗುಣವಾದರು. ಕಡಿಯಾಳಿಯ ದೇವಿಗೆ ಹೇಳಿಕೊಂಡಿದ್ದ ಹೂವಿನ ಪೂಜೆಯನ್ನೂ ನಾವು ಮಾಡಿಸಿಯಾಗಿತ್ತು. ಆಮೇಲೊಂದು ಮಧ್ಯಾಹ್ನ ಅತ್ತೆ ನನ್ನ ಸಾರನ್ನು ಉಂಡು, ತಲೆಯೆತ್ತಿ, "ಒಳ್ಳೆಯದಾಗಿದೆ" ಎಂದರು.

ಅಮ್ಮನಿಗೆ ಏನೋ ಆಗಿದೆ, ಕೂಡಲೇ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದು ನಮ್ಮವರಿಗೆ ಹೇಳಿದೆ. "ಬೈದರೂ ಕಷ್ಟ, ಹೊಗಳಿದರೂ ಕಷ್ಟ, ನಿನಗೆ ಎಂತ ಬೇಕು ಮಾರಾಯ್ತಿ?" ಎಂದು ಅವರು ಮಜ್ಜಿಗೆ ಬಡಿಸಿಕೊಂಡರು. ಸಂಜೆಯ ಹೊತ್ತಿಗೆ ಲೋಟ ಹಿಡಿದ ಅತ್ತೆಯ ಕೈ ನಡುಗತೊಡಗಿತು, ಜ್ವರ ಮತ್ತೆ ಏರಿತು, ಕುತ್ತಿಗೆ ಬಗ್ಗದಾಯಿತು. ತಮ್ಮ ಮಗನನ್ನೇ ನೋಡಿ, "ನೀವು ಯಾರ ಪೈಕಿ?" ಎಂದು ವಿನಯದಿಂದ ವಿಚಾರಿಸಿದರು. ಮಜ್ಜಿಗೆಯ ಮನುಷ್ಯ ಓಡಿಹೋಗಿ ಕಾರು ತಂದರು.

ಕಾಡಿಗೆ ಹೋಗಿದ್ದರೇ ಎಂದು ಡಾಕ್ಟರು ಕೇಳಿದರು. "ಕಾಡಿಗೆ ಯಾಕೆ ಹೋಗ್ತಾರೆ ಡಾಕ್ಟ್ರೇ? ಕಾರ್ಕಳದ ಮನೆಯ ಹಿಂದೆ ನಾಲ್ಕು ಮರದ ಹಾಡಿಯಲ್ಲಿ ದನದ ಹಟ್ಟಿಗೆ ತರಗೆಲೆ ಗುಡಿಸಿದ್ದಾರೆ, ಅಷ್ಟೆ. ಅಲ್ಲೊಂದು ಮಂಗ ಸತ್ತು ಬಿದ್ದಿತ್ತಂತೆ" ಎಂದರು ನಮ್ಮವರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. ದೂರದ ಪ್ರಯೋಗಾಲಯಕ್ಕೆ ಹೋದ ರಕ್ತ ಮಂಗನ ಕಾಯಿಲೆ ಎಂಬ ಹೆಸರು ಹೊತ್ತು ಮರಳಿತು. ಹೆಸರು ಮಂಗನದು, ಕಡಿಯುವುದು ತರಗೆಲೆಯಲ್ಲಿರುವ ಉಣುಗು ಹುಳು, ಸುಡುವುದು ಮನುಷ್ಯನ ಮೈ. ಕೆಲವರಿಗೆ ಜ್ವರ ಬಿಟ್ಟಂತೆ ಮಾಡಿ ಮತ್ತೆ ಬಂದು ಮೆದುಳಿಗೆ ಏರುತ್ತದಂತೆ; ಅದಕ್ಕೆಂದೇ ಮದ್ದಿಲ್ಲ, ಆರೈಕೆ ಮಾಡಿ ಕಾಯಬೇಕು.

ಉಣುಗಿನ ಮರಿ ಸಾಸಿವೆಕಾಳಿಗಿಂತ ಸಣ್ಣದು. ಮದುವೆಯಾದಂದಿನಿಂದ ಉಪಾಯ ಹುಡುಕಿಯೂ ನನ್ನಿಂದ ಮುಚ್ಚಿಸಲಾಗದ ಬಾಯನ್ನು ಅದು ಒಂದೇ ಕಡಿತದಲ್ಲಿ ಮುಚ್ಚಿಸಿತ್ತು. ನಾನು ಹಿಗ್ಗಬೇಕಿತ್ತು, ಅಲ್ಲವೇ? ಆದರೆ ಜೀವ ಉಳಿಸಿಕೊಂಡು ಬನ್ನಂಜೆಗೆ ಬಂದ ಅತ್ತೆ ಏನು ಕೊಟ್ಟರೂ ಉಂಡು, ಏನು ಹೇಳಿದರೂ "ಆಗಬಹುದು" ಎನ್ನುತ್ತ ಕುಳಿತಾಗ ನನಗೆ ಅಳು ಬರುತ್ತಿತ್ತು. ನೆನಪಿಗೆ, ಮಾತಿಗೆ, ನಡಿಗೆಗೆ ಮೆದುಳಿನಲ್ಲಿ ಒಂದೊಂದು ಕೋಣೆಯಿದ್ದ ಹಾಗೆ ಬೈಗುಳಕ್ಕೂ ಒಂದಿರಬೇಕು; ಒಬ್ಬರ ಮೇಲಿನ ಹಕ್ಕನ್ನು ನಾವು ಬಚ್ಚಿಟ್ಟುಕೊಳ್ಳುವುದು ಬಹುಶಃ ಅಲ್ಲಿಯೇ. ಅದರ ಬಾಗಿಲು ಮುಚ್ಚಿದ್ದರಿಂದ ನಾನು ಸೊಸೆಯ ಪದವಿ ಕಳೆದುಕೊಂಡು ಬರಿಯ ದಾದಿಯಾಗಿದ್ದೆ.

ಡಾಕ್ಟರು ಮೂಗು ಮುಟ್ಟಿಸಿದರು, ಗೆರೆಯ ಮೇಲೆ ನಡೆಸಿದರು, ಇವತ್ತು ಯಾವ ವಾರ ಎಂದು ಕೇಳಿದರು. ಅತ್ತೆ ಎಲ್ಲದರಲ್ಲೂ ತೇರ್ಗಡೆಯಾದರು. ನನಗೆ ಸಮಾಧಾನವಾಗಲಿಲ್ಲ. ಡಾಕ್ಟರ ಬಳಿ ಮೊಣಕಾಲು ತಟ್ಟುವ ಸುತ್ತಿಗೆಯಿತ್ತು, ನನ್ನ ಬಳಿ ಹಿಡಿಸೂಡಿ. ದಿನವೂ ಅದನ್ನು ಬಾಗಿಲ ಪಕ್ಕ ನಿಲ್ಲಿಸಿದೆ. ದಿನವೂ ಅತ್ತೆ ಅದರ ಪಕ್ಕದಲ್ಲಿಯೇ ಹಾದುಹೋದರು. ಮಳೆಗಾಲ ಹತ್ತಿರವಾದಾಗ ಒಂದು ಬೆಳಿಗ್ಗೆ ಅಡುಗೆಮನೆಗೆ ಆ ಧ್ವನಿ ಕೇಳಿಸಿತು: "ಯಾರದು ಹಿಡಿಸೂಡಿಯನ್ನು ನಿಲ್ಲಿಸಿದ್ದು? ನಿನ್ನ ಅಮ್ಮ ಇಷ್ಟು ಸಹ ಕಲಿಸಲಿಲ್ವಾ?"

ನನ್ನ ತವರಿನ ಮಾನ ಹೋದದ್ದಕ್ಕೆ ನಾನು ಒಲೆಯ ಮುಂದೆ ನಿಂತು ಸಂತೋಷದಿಂದ ಅತ್ತುಬಿಟ್ಟೆ.

ಅತ್ತೆ ಕಾರ್ಕಳಕ್ಕೆ ಮರಳಿ ಈಗ ಕೆಲವು ವರ್ಷಗಳಾಗಿವೆ. ಮಣಿಪಾಲದ ತಪಾಸಣೆಗೆ ಬರುವಾಗೆಲ್ಲ ಅವರ ಮೊದಲ ತಪಾಸಣೆ ನಮ್ಮ ಬಾಗಿಲಲ್ಲಿ ಮುಗಿಯುತ್ತದೆ. ಕಳೆದ ಸಲ ಮಾತ್ರ ಅವರು ಬೈಯಲಿಲ್ಲ. ಇನ್ನೂ ತುಸು ನಡುಗುವ ಕೈಯಿಂದ ಹಿಡಿಸೂಡಿಯನ್ನು ಸದ್ದಿಲ್ಲದೆ ಎತ್ತಿ ಮಲಗಿಸಿದರು. ಕಾರು ತನ್ನಿ ಎಂದು ನಮ್ಮವರನ್ನು ಕೂಗಲು ಹೊರಟೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ನನ್ನತ್ತ ತಿರುಗಿದರು.

"ನನ್ನನ್ನು ಪರೀಕ್ಷೆ ಮಾಡಲಿಕ್ಕೆ ನಿಲ್ಲಿಸುತ್ತಿ ಅಂತ ನನಗೆ ಮೊದಲೇ ಗೊತ್ತುಂಟು ಮಾರಾಯ್ತಿ. ತಲೆ ಸರಿ ಉಂಟು. ಸಾರಿಗೆ ಕಾಯಿ ಹಾಕಿದ್ದೀಯಾ, ಅದು ಹೇಳು."