ಒಂದು ಫೋನಿಗೆ ಒಬ್ಬಳೇ ಹೆಂಗಸು

ನನ್ನ ಸಂಶೋಧನೆಯ ಗೈಡ್ ಅಥಣಿ ಕಡೆಯ ಐಗಳಿ ಎಂಬ ಈ ಹಳ್ಳಿಯನ್ನು ನೋಡಿದವರಲ್ಲ, ನೋಡಬೇಕೆಂದು ಅವರಿಗೆ ಅನಿಸಿದ್ದೂ ಇಲ್ಲ. ಇಲ್ಲಿನ ಹೆಂಗಸರ ಮನಸ್ಸು ತಿಳಿಯಲು ಒಂದು ಆನ್‌ಲೈನ್ ಪ್ರಶ್ನಾವಳಿ, ಉತ್ತರಗಳನ್ನು ಜರಡಿ ಹಿಡಿಯಲು ಒಂದು ಪೈಥಾನ್ ಪ್ರೋಗ್ರಾಂ ಇದ್ದರೆ ಸಾಕೆಂಬುದು ಅವರ ನಂಬಿಕೆ. ಬೆಂಗಳೂರಿನಲ್ಲಿ ಕೂತು ಪ್ರೋಗ್ರಾಂ ಬರೆದವರು ಅವರು. ಬಿಸಿಲಲ್ಲಿ ಮನೆಮನೆ ತಿರುಗಿದವಳು ನಾನು.

ಹಾಗೆ ಹೋದ ಒಂದು ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್. ಅದಕ್ಕೆ ಲಿಂಕ್ ಕಳಿಸಿದೆ. ಹಿರಿಯಳೆಂದು ಅತ್ತೆ ಮೊದಲು ಕೂತಳು. ‘ಮನೆಯಲ್ಲಿ ನಿಮ್ಮ ಮಾತು ಯಾರು ಕೇಳುತ್ತಾರೆ?’ ಎಂಬಲ್ಲಿ ‘ಎಲ್ಲರೂ’ ಎಂದು ಒತ್ತಿ ಎಮ್ಮೆ ಹಿಂಡಲು ಹೋದಳು. ಆಮೇಲೆ ಸೊಸೆ ಕೂತಳು. ‘ಯಾರೂ ಇಲ್ಲ’ ಎಂದು ಒತ್ತಿ, ಹಿತ್ತಲ ಕಡೆ ನೋಡಿ ದನಿ ತಗ್ಗಿಸಿದಳು.

“ಅಕ್ಕಾರ, ಇದನ್ನ ಯಾರರ ಓದ್ತಾರೇನ್ರಿ?”

“ಓದ್ತಾರವ್ವಾ.”

ನನ್ನ ಮಾತನ್ನು ಗೈಡ್ ಸುಳ್ಳು ಮಾಡಿದರು. ಅವರ ಪ್ರೋಗ್ರಾಂ ಒಂದು ಫೋನಿನಿಂದ ಬಂದ ಮೊದಲ ಉತ್ತರವನ್ನಷ್ಟೇ ಉಳಿಸಿಕೊಂಡು, ಮಿಕ್ಕದ್ದನ್ನು ನಕಲು ಎಂದು ಅಳಿಸುತ್ತಿತ್ತು. ಎಲ್ಲ ಮನೆಗಳಲ್ಲೂ ಅತ್ತೆಯರೇ ಮೊದಲು ಕೂತಿದ್ದರು. ಹೀಗಾಗಿ ಅಥಣಿ ಕಡೆ ಸೊಸೆಯರೇ ಇಲ್ಲ, ಇರುವ ಹೆಂಗಸರೆಲ್ಲ ಪರಮ ಸುಖಿಗಳು! ಗ್ರಾಫ್ ನೋಡಿ ಗೈಡ್ ಹಿಗ್ಗಿ ಹೀರೇಕಾಯಿಯಾದರು. ನನಗೆ ಮೈಯೆಲ್ಲ ಉರಿಯಿತು. ವಿಡಿಯೊ ಕಾಲಿನಲ್ಲೇ ಕೇಳಿದೆ.

“ಸರ್, ಒಂದ ಫೋನ್ ಅಂದ್ರ ಒಬ್ಬ ಮನಷ್ಯಾ ಅಂತ ನಿಮಗ ಯಾರ್ ಹೇಳಿದ್ರು?”

“ಅದು ನಿಯಮ. ಡೇಟಾ ಕ್ಲೀನ್ ಇರಬೇಕಮ್ಮ.”

“ಕ್ಲೀನ್ ಅಂದ್ರ ಸೊಸೆಂದಿರನ್ನ ಗುಡಿಸಿ ಹೊರಗ ಹಾಕೂದೇನ್ರಿ? ಪ್ರೋಗ್ರಾಂದಾಗಿನ ಆ ಒಂದ ಸಾಲನ್ನ ತಗೀರಿ, ಎಲ್ಲಾರೂ ತಿರುಗಿ ಬರ್ತಾರ.”

“ಭಾವುಕಳಾಗಬೇಡ. ಒಪ್ಪಿಗೆ ಇಲ್ಲದಿದ್ದರೆ ಪ್ರಬಂಧದಿಂದ ನಿನ್ನ ಹೆಸರು ತೆಗೆಯುತ್ತೇನೆ.”

“ತಗೀರಿ.”

ತೆಗೆದರು. ಪ್ರಬಂಧ ಅದೇ ಗ್ರಾಫಿನೊಂದಿಗೆ ಅಚ್ಚಾಯಿತು. ಆ ಮನುಷ್ಯನ ಮುಖ ನೆನೆದರೆ ಇವತ್ತಿಗೂ ನನಗೆ ಹೇಸಿಗೆಯಾಗುತ್ತದೆ.

ಅಳಿಸುವ ಸಾಲನ್ನು ನಾನೇ ಕಿತ್ತುಹಾಕಿ, ನನ್ನ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಮತ್ತೆ ಓಡಿಸಿದೆ. ಸೊಸೆಯರೆಲ್ಲ ತಿರುಗಿ ಬಂದರು, ‘ಯಾರೂ ಇಲ್ಲ’ ಎಂದು ಒತ್ತಿದ್ದ ಅವಳೂ ಬಂದಳು. ನಿನ್ನದನ್ನು ನಾನಾದರೂ ಓದಿದ್ದೇನೆ ಎಂದು ಅವಳಿಗೆ ಹೇಳಲೇಬೇಕೆನಿಸಿತು. ಇದ್ದದ್ದು ಅದೊಂದೇ ನಂಬರು. ಎತ್ತಿದವಳು ಅತ್ತೆ.

“ಅಕಿ ಕೆಲಸದಾಗ ಅದಾಳ್ರಿ. ಏನಿದ್ರೂ ನನ್ನ ಮುಂದ ಹೇಳ್ರಿ.”

ಅವಳಿಗೇ ಹೇಳಬೇಕಿತ್ತು ಎಂದೆ.

“ಅಕೀಗೇನ ತಿಳೀತೈತ್ರಿ?” ಎಂದು ನಕ್ಕು ಫೋನಿಟ್ಟಳು.