ಬೀಗಿತ್ತಿಗೆ ತೋರಿಸಿದ ಮಳೆ

ಗುಡ್ರುನ್‌ಳನ್ನು ಮಣ್ಣು ಮಾಡಿ ಬಂದ ಮೇಲಿನ ಊಟದಲ್ಲಿ ಪಾದ್ರಿ ಎದ್ದು ನಿಂತು, ಅವಳು ಯಾರ ಮೇಲೂ ಹೊಟ್ಟೆಕಿಚ್ಚು ಪಟ್ಟವಳಲ್ಲ ಎಂದರು. ಅವಳನ್ನು ಬಲ್ಲವರೆಲ್ಲ ಕಾಫಿ ಬಟ್ಟಲೊಳಗೆ ಕಣ್ಣು ನೆಟ್ಟರು. ಪಾದ್ರಿ ಒಳ್ಳೆಯ ಮನುಷ್ಯ, ಬೆರ್ಗೆನ್ ಊರಿಗೆ ಹೊಸಬ. ಗುಡ್ರುನ್‌ಗೆ ಹೊಟ್ಟೆಕಿಚ್ಚಿತ್ತು, ಬೇಕಾದಷ್ಟಿತ್ತು. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಬೇರೆ ಯಾರೋ ಹೆಂಗಸು. ಆ ಹೆಂಗಸಿಗಾಗಿ ಅಳು ಬರುವುದಿಲ್ಲ.

ಬಂದರಿನ ಹಿಂದಿನ ಬೇಕರಿಯಲ್ಲಿ ಅವಳು ಬನ್ನು ಮಾರುತ್ತ ಮುದುಕಿಯಾದವಳು. ಗಂಡ ತೋರ್ಲೈಫ್ ದೋಣಿಯ ಮೇಲೆ ದುಡಿದು, ದೋಣಿಯ ಮೇಲೆಯೇ ಎದೆ ಹಿಡಿದುಕೊಂಡು ಹೋದ. ಮಗ ಐವಿಂದ್ ಡೆನ್ಮಾರ್ಕಿನ ಮೆಟ್ಟೆಯನ್ನು ಮದುವೆಯಾಗಿ ಊರಲ್ಲೇ ಮನೆ ಮಾಡಿದ. ಅವರಿಗೊಬ್ಬಳು ಮಗಳು, ಆಲ್ಮಾ. ಬುಧವಾರ ಬಂದರೆ ಆಲ್ಮಾಳನ್ನು ಶಿಶುವಿಹಾರದಿಂದ ಕರೆತರುವುದು ಗುಡ್ರುನ್‌ಳ ಕೆಲಸ. ಅವತ್ತು ಮೀನಿನ ವಡೆ, ಹೊಂಡ ಕಂಡಲ್ಲೆಲ್ಲ ಕುಪ್ಪಳಿಸುವುದು, ಆಮೇಲೆ ಅಜ್ಜಿಯ ಹಾಸಿಗೆಯಲ್ಲಿ ಕತೆ. ಮಿಕ್ಕ ದಿನಗಳನ್ನು ಅವಳು ಬುಧವಾರಕ್ಕೆ ಕಾಯುತ್ತ ಕಳೆಯುತ್ತಿದ್ದಳು.

ಆಲ್ಮಾ ಇನ್ನೂ ಶಿಶುವಿಹಾರದಲ್ಲಿದ್ದ ಒಂದು ಶರತ್ಕಾಲದಲ್ಲಿ ಮೆಟ್ಟೆಯ ತಾಯಿ ಲಿಸ್ಬೆತ್ ಡೆನ್ಮಾರ್ಕಿನಿಂದ ಬಂದು ಕೂತಳು. ಕೆಲಸದಿಂದ ನಿವೃತ್ತಳಾದ, ತೆಳ್ಳಗಿನ, ನಕ್ಕರೆ ಎಲ್ಲರನ್ನೂ ನಗಿಸುವ ಹೆಂಗಸು. ಮಗಳ ಮನೆಯ ಪಕ್ಕದ ಬೀದಿಯಲ್ಲಿ ಒಂದು ಪುಟ್ಟ ಮನೆ ಮಾರಾಟಕ್ಕಿತ್ತು. ಕೊಳ್ಳುವುದೋ ಬಿಡುವುದೋ, ಸೋಮವಾರ ಹೇಳಬೇಕಿತ್ತು.

"ನಾನು ಇಲ್ಲೇ ಇದ್ದುಬಿಟ್ರೆ ದಿನಾ ಮಗೂನ ನಾನೇ ಕರ್ಕೊಂಡು ಬರಬಹುದು. ನಿಮಗ್ಯಾಕೆ ಗುಡ್ರುನ್, ಆ ಮಂಡಿ ಇಟ್ಕೊಂಡು ಇಷ್ಟು ತೊಂದರೆ?" ಎಂದಿದ್ದಳು ಲಿಸ್ಬೆತ್, ಪ್ರೀತಿಯಿಂದಲೇ.

ದಿನಾ ಎಂದರೆ ಬುಧವಾರವೂ ಸೇರಿತು.

ನಿರ್ಧರಿಸುವ ಮುಂಚೆ ಅತ್ತೆಗೆ ಊರನ್ನು ಸರಿಯಾಗಿ ತೋರಿಸೋಣ, ಎಲ್ಲರೂ ಸೇರಿ ಸುತ್ತಾಡೋಣ ಎಂದು ಐವಿಂದ್ ಫೋನ್ ಮಾಡಿದ. "ಶನಿವಾರ ಬಿಸಿಲಂತೆ ಅಮ್ಮಾ."

"ಶನಿವಾರ ನನಗಾಗಲ್ಲ. ಮಂಡಿ ನೋವು."

"ಭಾನುವಾರ ಬಿರುಗಾಳಿ ಮಳೆ ಅಂತಿದಾರೆ."

"ಭಾನುವಾರಕ್ಕೆ ಮಂಡಿ ಸರಿಹೋಗುತ್ತೆ," ಎಂದಳು ಗುಡ್ರುನ್.

ಬೆರ್ಗೆನ್‌ನವರು ನೆಂಟರು ಬಂದಾಗ ಮಳೆಗಾಗಿ ಕ್ಷಮೆ ಕೇಳುತ್ತಾರೆ. ಮಳೆಯನ್ನು ನೆಂಟರ ಮೇಲೆ ಛೂ ಬಿಟ್ಟವಳು ಇವಳೊಬ್ಬಳೇ ಇರಬೇಕು.

ಭಾನುವಾರ ಆಕಾಶ ಛಾವಣಿಗಳ ಮೇಲೆಯೇ ಕೂತಿತ್ತು. ಲಿಸ್ಬೆತ್ ಹಳದಿ ಕೊಡೆ ಹಿಡಿದು, ತೊಗಲಿನ ಚೆಂದದ ಬೂಟು ಹಾಕಿಕೊಂಡು ಬಂದಳು. ಕೊಡೆ ಕಂಡದ್ದೇ ಆಲ್ಮಾ ಅಜ್ಜಿಯ ಕೈ ಬಿಡಿಸಿಕೊಂಡು ಓಡಿದಳು.

"ಅಮ್ಮಮ್ಮನ ಹತ್ರ ಮನೆ ಇದೆ! ತಲೆ ಮೇಲೆ ಮನೆ!"

ಗುಡ್ರುನ್‌ಳ ಅಂಗೈ ಖಾಲಿಯಾಯಿತು. ಮುಷ್ಟಿ ಕಟ್ಟಿ ಅದನ್ನು ಜೇಬಿಗಿಟ್ಟಳು. ತಲೆ ಮೇಲಿನ ಮನೆ ಎಷ್ಟು ಹೊತ್ತು ನಿಲ್ಲುತ್ತೋ ನೋಡೇಬಿಡೋಣ ಎಂದುಕೊಂಡಳು.

ಗಾಳಿ ಎಲ್ಲೆಲ್ಲಿ ತಿರುಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸೂರು ಚಾಚಿದ ಓಣಿಗಳನ್ನೆಲ್ಲ ತಪ್ಪಿಸಿ, ಬಂದರಿನ ಧಕ್ಕೆಯ ಬಯಲಿನಲ್ಲೇ ನಡೆಸಿದಳು. ವಾಲಿ ನಿಂತ ಹಳೆಯ ಮರದ ಮನೆಗಳನ್ನು ದೂರದಿಂದಲೇ ತೋರಿಸಿದಳು. ಮೀನಿನ ಅಂಗಡಿಗಳ ಮುಂದೆ ಬೇಕೆಂದೇ ನಿಂತು, ಯಾವ ಮೀನು ಯಾವ ತಿಂಗಳಲ್ಲಿ ಕೊಬ್ಬುತ್ತದೆ ಎಂದು ಸಾವಕಾಶವಾಗಿ ವಿವರಿಸಿದಳು. ಕಡೆಗೆ ಊರಿನ ಮೂಗಿನಂತೆ ಸಮುದ್ರಕ್ಕೆ ಚಾಚಿರುವ ನೂರ್ದ್ನೆಸ್‌ನ ತುದಿಗೆ ಎಲ್ಲರನ್ನೂ ಕರೆದೊಯ್ದಳು.

"ಅಮ್ಮಾ, ಈ ಹವೆಯಲ್ಲಿ ಅಲ್ಲಿಗಾ?" ಎಂದ ಐವಿಂದ್.

"ನೋಟ ಚೆನ್ನಾಗಿರುತ್ತೆ."

ನೋಟವೇ ಇರಲಿಲ್ಲ. ಬೂದಿ ಬಣ್ಣದ ಗಾಳಿಯೊಂದು ನೀರಿನಿಂದ ಎದ್ದು ಬಂದು ಕೊಡೆಯನ್ನು ಒಳಹೊರಗು ಮಾಡಿ, ಕಡ್ಡಿ ಮುರಿದು, ಬಟ್ಟೆಯನ್ನು ಸಮುದ್ರಕ್ಕೆ ಒಯ್ದಿತು. ಲಿಸ್ಬೆತ್‌ಳ ಬೂಟು ಹೆಜ್ಜೆಹೆಜ್ಜೆಗೂ ನೀರು ಉಗುಳುತ್ತಿತ್ತು. ತುಟಿ ನೀಲಿಯಾಗಿತ್ತು. ಅವಳು ಕೈಯಲ್ಲುಳಿದ ಹಿಡಿಯನ್ನು ನೋಡಿ, ಮಗಳ ಕಡೆ ತಿರುಗಿದಳು.

"ಬೇಡ ಮೆಟ್ಟೆ. ಆ ಮನೆ ಬೇಡ ಅಂತ ನಾಳೆ ಹೇಳಿಬಿಡ್ತೀನಿ. ಇಲ್ಲಿ ನನ್ನ ಕೈಲಿ ಬದುಕಕ್ಕಾಗಲ್ಲ."

ಗುಡ್ರುನ್ ಗೆದ್ದಿದ್ದಳು. ಇನ್ನು ಬಾಯಿ ಮುಚ್ಚಿಕೊಂಡು ಮನೆಗೆ ನಡೆದರೆ ಸಾಕಿತ್ತು. ಎದೆಯೊಳಗೆ ಬುಧವಾರಗಳು ಸಾಲಾಗಿ ಬಂದು ನಿಂತವು.

ಆಗ ಲಿಸ್ಬೆತ್ ಇನ್ನೊಂದು ಮಾತು ಸೇರಿಸಿದಳು. "ಇದು ಮಳೆಯಲ್ಲ, ಊರಿಗೆ ಹಿಡಿದ ರೋಗ. ಇಲ್ಲಿ ನಾಯಿಗಳೂ ಅಳು ಮುಖ ಹಾಕ್ಕೊಂಡಿವೆ."

"ರೋಗಾನಾ?" ಎಂದಳು ಗುಡ್ರುನ್.

ಐವಿಂದ್ ತಾಯಿಯ ಮುಖ ನೋಡಿ, "ಅಮ್ಮಾ, ಹೋಗ್ಲಿ ಬಿಡು," ಎಂದ.

"ಏನು ಬಿಡೋದು? ರೋಗವಂತೆ! ಇದು ತೊಳೆದು ಬೆಳಗಿಟ್ಟ ಊರು ಕಣ್ರೀ. ನಿಮ್ಮ ಆ ಚಪ್ಪಟೆ ಊರಲ್ಲಿ ಏನಿದೆ? ಗಾಳಿ, ಹಂದಿ, ಮತ್ತೆ ಗಾಳಿ. ತಪ್ಪು ಮಳೇದಲ್ಲ, ನಿಮ್ಮ ಬೂಟಿಂದು. ಮದುವೆ ಮನೆಗೆ ಹೋಗೋ ಬೂಟು ಹಾಕ್ಕೊಂಡು ಬೆರ್ಗೆನ್ ನೋಡೋಕೆ ಬಂದಿದೀರಿ! ಬನ್ನಿ ನನ್ನ ಜೊತೆ."

"ನಾನು ಎಲ್ಲಿಗೂ ಬರಲ್ಲ."

"ಬರ್ತೀರಿ."

ಗುಡ್ರುನ್‌ಳ ಮನೆ ಅಲ್ಲೇ ಗುಡ್ಡದ ಇಳಿಜಾರಿನಲ್ಲಿತ್ತು. ಬೀಗಿತ್ತಿಯನ್ನು ಕೋಣೆಗೆ ತಳ್ಳಿ ಒದ್ದೆ ಬಟ್ಟೆ ಬಿಚ್ಚಿಸಿದಳು. ಮೈಗೆ ಉಣ್ಣೆಯ ಒಳಬಟ್ಟೆ, ಕಾಲಿಗೆ ದಪ್ಪ ಕಾಲುಚೀಲ, ರಬ್ಬರ್ ಬೂಟು. ಮೇಲೆ ತೋರ್ಲೈಫ್‌ನ, ನೀರಿಳಿಯದ ಎಣ್ಣೆಬಟ್ಟೆಯ ಟೋಪಿಯಿದ್ದ ಕೋಟು, ಅವನು ಹೋದ ಮೇಲೆ ಅವಳೇ ತೊಡುತ್ತಿದ್ದದ್ದು. ತಾನು ಮಗನ ಹಳೆಯ ಕೋಟು ಸಿಕ್ಕಿಸಿಕೊಂಡಳು. ಬಿಸಿ ಸೂಪು ಕುಡಿಸಿ, ಮತ್ತೆ ಹೊರಗೆಳೆದಳು. ಮಿಕ್ಕವರು ಹಿಂದೆ ಬಂದರು.

ಈ ಸಲ ನಡೆಸಿದ್ದು ತಾನು ಹುಟ್ಟಿ ಬೆಳೆದ ಓಣಿಗಳಲ್ಲಿ. ಬಿಳಿ ಮರದ ಮನೆಗಳ ನಡುವೆ ಕಲ್ಲುಹಾಸು ಮೀನಿನ ಬೆನ್ನಿನಂತೆ ಹೊಳೆಯುತ್ತಿತ್ತು. ಬೆಟ್ಟದಿಂದ ಇಳಿದ ನೀರು ಮೆಟ್ಟಿಲ ಪಕ್ಕ ಮಾತಾಡಿಕೊಳ್ಳುತ್ತ ಹರಿಯುತ್ತಿತ್ತು. ಕಿಟಕಿಗಳಲ್ಲಿ ಹಗಲಿನಲ್ಲೇ ದೀಪ. "ನಿಂತ್ಕೊಳ್ಳಿ. ಟೋಪಿ ಮೇಲೆ ಬೀಳೋ ಸದ್ದು ಕೇಳಿ," ಎಂದಳು. ಲಿಸ್ಬೆತ್ ನಿಂತಳು, ಕೇಳಿದಳು. ಆಮೇಲೆ ಮುಖವೆತ್ತಿ ಮಳೆಗೆ ಒಡ್ಡಿ, ಹುಡುಗಿಯ ಹಾಗೆ ನಕ್ಕಳು. ಗುಡ್ರುನ್‌ಗೆ ಎಷ್ಟು ಹೆಮ್ಮೆಯಾಯಿತೆಂದರೆ, ತಾನು ಏನು ಮಾಡುತ್ತಿದ್ದೇನೆ ಎಂಬುದೇ ಮರೆತುಹೋಯಿತು.

ಅಷ್ಟರಲ್ಲಿ, ಹಿಂದೆ ಹೊಂಡ ಹಾರುತ್ತಿದ್ದ ಆಲ್ಮಾ ಓಡಿ ಬಂದು ಆ ಎಣ್ಣೆಬಟ್ಟೆಯ ಕೋಟಿನ ತೋಳು ಹಿಡಿದು ಜಗ್ಗಿದಳು.

"ಅಜ್ಜೀ, ಬನ್ನು ಕೊಡಿಸು!"

ಲಿಸ್ಬೆತ್ ತಿರುಗಿದಳು. ಆಲ್ಮಾ ಅವಳನ್ನೊಮ್ಮೆ, ಇವಳನ್ನೊಮ್ಮೆ ನೋಡಿ ಬಿದ್ದು ಬಿದ್ದು ನಕ್ಕಳು. ತೋಳು ಮಾತ್ರ ಬಿಡಲಿಲ್ಲ.

ಗುಡ್ರುನ್ ಲೆಕ್ಕ ಹಾಕಿದಳು. ಕೋಟು ತನ್ನದು, ಓಣಿ ತನ್ನದು, ಕರೆದ ಹೆಸರೂ ತನ್ನದು. ಎಲ್ಲವನ್ನೂ ತಾನೇ ತೊಡಿಸಿ, ತಾನೇ ತೋರಿಸಿ, ಧಾರೆ ಎರೆದಂತೆ ಕೊಟ್ಟಾಗಿತ್ತು.

"ನೀವು ಹೇಳಿದ್ದು ನಿಜ ಗುಡ್ರುನ್. ತಪ್ಪು ಬೂಟಿಂದೇ. ನಾಳೆ ಹೂಂ ಅಂತ ಹೇಳ್ತೀನಿ," ಎಂದಳು ಲಿಸ್ಬೆತ್.

ಮೆಟ್ಟೆ ತಾಯಿಯನ್ನು ತಬ್ಬಿಕೊಂಡಳು. ಐವಿಂದ್ ತಾಯಿಯ ಕಿವಿಗೆ ಬಗ್ಗಿ, "ಮಂಡಿ ಹೇಗಿದೆ?" ಎಂದ.

"ತಲೆಹರಟೆ ಮಾಡಬೇಡ."

ಬೇಕರಿಯಲ್ಲಿ ದಾಲ್ಚಿನ್ನಿ ಬನ್ನಿನ ಮುಂದೆ ಕೂತಾಗ ಗುಡ್ರುನ್ ಮೇಜು ತಟ್ಟಿದಳು. "ಒಂದು ಮಾತು. ಬುಧವಾರ ನಂದು."

"ಇರಲಿ. ಮಿಕ್ಕಿದ್ದು ನನಗಾ?"

"ಮಿಕ್ಕಿದ್ದರಲ್ಲಿ ನೋಡೋಣ. ಬುಧವಾರದ ಮಾತೆತ್ತಬೇಡಿ. ನನಗೆ ಜ್ವರ ಬಂದ್ರೂ, ಮಂಡಿ ಮುರಿದ್ರೂ ಎತ್ತಬೇಡಿ."

"ಎತ್ತಲ್ಲ ಮಹಾರಾಯ್ತಿ," ಎಂದು ಲಿಸ್ಬೆತ್ ನಕ್ಕಳು. ಗುಡ್ರುನ್ ನಗಲಿಲ್ಲ.

ಅವಳು ಕೊನೆಯವರೆಗೂ ಆ ದಿನವನ್ನು ಬಿಟ್ಟುಕೊಡಲಿಲ್ಲ. ಆಲ್ಮಾ ಉದ್ದವಾಗಿ ಬೆಳೆದು, ಕರೆತರುವ ಅಗತ್ಯವೇ ಇಲ್ಲದಾದ ಮೇಲೂ ಬುಧವಾರ ಅಜ್ಜಿಯ ಮನೆಗೆ ಬರಬೇಕಿತ್ತು. ಈ ಚಳಿಗಾಲದಲ್ಲಿ ಗುಡ್ರುನ್ ಆಸ್ಪತ್ರೆ ಸೇರಿದಾಗ ಬುಧವಾರ ಆಲ್ಮಾಳನ್ನು ಕಾರಿನಲ್ಲಿ ಕರೆತರುತ್ತಿದ್ದವಳು ಲಿಸ್ಬೆತ್. ಬೇರೆ ದಿನ ಅವಳೂ ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತು ಹರಟುತ್ತಿದ್ದಳು. ಬುಧವಾರ ಮಾತ್ರ ಬಾಗಿಲವರೆಗೆ ಬಂದು, ಹುಡುಗಿಯನ್ನು ಒಳಗೆ ಬಿಟ್ಟು, ಹೊರಗಿನ ಬೆಂಚಿನ ಮೇಲೆ ಕಾದು ಕೂರುತ್ತಿದ್ದಳು.