ವೆನೆಲಿನ್‌ನ ವರ್ಷದ ಗೋಧಿ

ಪೀಪಾಯಿ ಮಾಡುವವನ ಮಗ ಲ್ಯುಬೆನ್ ಕೊತೆವ್ ಬಲ್ಗೇರಿಯಾದ ವಾಯುಪಡೆಯಲ್ಲಿ ಕರ್ನಲ್ ಆದದ್ದು ಸ್ವಂತ ತಾಕತ್ತಿನಿಂದ. ಮೂವತ್ತು ವರ್ಷ ಯುದ್ಧವಿಮಾನ ಹಾರಿಸಿದ, ಅರ್ಧ ಪಡೆಗೆ ಹಾರುವುದನ್ನು ಕಲಿಸಿದ, ಯಾರ ಕಾಲನ್ನೂ ಹಿಡಿಯಲಿಲ್ಲ. ಕಾಲು ಹಿಡಿದವರು ಮೇಲೇರಿದರು. ಅವನ ಕೈಕೆಳಗೇ ಕಲಿತ ಪ್ರೊದಾನೊವ್ ಜನರಲ್ ಆಗಿ ಅವನಿಗೇ ಅಪ್ಪಣೆ ಕೊಡತೊಡಗಿದ. ಅದನ್ನೂ ಕೊತೆವ್ ನುಂಗಿಕೊಂಡ.

ನುಂಗಲಾಗದ್ದು ವೆನೆಲಿನ್‌ನ ಸಾವು. ವಾಯುನೆಲೆಯ ಪಕ್ಕದ ಹಳ್ಳಿಯ ಹುಡುಗ, ಕೊತೆವ್‌ನ ಶಿಷ್ಯ. ಅವನ ವಿಮಾನದ ಇಂಜಿನ್ ಸರಿಯಿಲ್ಲ, ಹಾರಿಸಬೇಡಿ ಎಂದು ಕೊತೆವ್ ಗಂಟಲು ಹರಿದುಕೊಂಡಿದ್ದ. ಮಂತ್ರಿಗಳು ನೋಡಲು ಬರುತ್ತಾರೆ, ಹಾರಲೇಬೇಕು ಎಂದ ಪ್ರೊದಾನೊವ್. ಇಂಜಿನ್ ನಿಂತುಹೋದಾಗ ಕೆಳಗಿದ್ದದ್ದು ವೆನೆಲಿನ್‌ನ ಊರೇ. ಜಿಗಿದಿದ್ದರೆ ಬದುಕುತ್ತಿದ್ದ. ಜಿಗಿಯದೆ, ಊರು ತಪ್ಪಿಸಿ ವಿಮಾನವನ್ನು ಸೂರ್ಯಕಾಂತಿ ಹೊಲದತ್ತ ತಿರುಗಿಸಿದ.

ತನಿಖೆ ಮಾಡಿದ ಮಹಾನುಭಾವರು ಬರೆದದ್ದೇನು? ಚಾಲಕನ ತಪ್ಪು! ಸತ್ತವನು ಎದುರು ಮಾತಾಡುವುದಿಲ್ಲವಲ್ಲ, ಅವನ ತಲೆಗೇ ಕಟ್ಟಿದರು. ಪ್ರೊದಾನೊವ್ ಸಹಿ ಹಾಕಿ, ಕಾಗದವನ್ನು ಕೊತೆವ್‌ನ ಮುಂದೆ ತಳ್ಳಿದ.

"ಸತ್ತವನಿಗೆ ಇನ್ನೇನಾಗ್ಬೇಕಿದೆ ಹೇಳು, ಲ್ಯುಬೆನ್? ಒಂದು ಸಹಿ ಹಾಕು. ಮುಂದಿನ ತಿಂಗ್ಳು ನೀನೂ ಜನರಲ್."

"ಅವನ ಅಮ್ಮ ಬದುಕಿದಾಳೆ ಕಣಯ್ಯ. ನಿನ್ನ ಜನರಲ್ ನಕ್ಷತ್ರ ನೀನೇ ಇಟ್ಕೊ."

ಮುಂದಿನ ತಿಂಗಳು ಕೊತೆವ್‌ಗೆ ಸಿಕ್ಕಿದ್ದು ನಿವೃತ್ತಿ. ವರದಿ ಹಾಗೇ ಉಳಿಯಿತು.

ವೆನೆಲಿನ್ ಸತ್ತು ವರ್ಷ ತುಂಬಿದ ದಿನ ತಾಯಿ ದೋಚ್ಕಾ ಮಗನ ಗೋರಿಯ ಬಳಿ ಸಕ್ಕರೆ, ಅಕ್ರೋಟು ಬೆರೆಸಿದ ಬೇಯಿಸಿದ ಗೋಧಿ ಹಂಚುತ್ತಿದ್ದಳು. ಅಂಗೈಗೆ ಗೋಧಿ ಹಾಕಿಸಿಕೊಂಡವರು ಸತ್ತವರ ಹೆಸರು ಹೇಳಿ 'ದೇವರು ಕ್ಷಮಿಸಲಿ' ಎನ್ನಬೇಕು. ಬದುಕಿರುವವರ ಹೆಸರನ್ನು ಅಲ್ಲಿ ಯಾರೂ ಅಪ್ಪಿತಪ್ಪಿಯೂ ಎತ್ತುವುದಿಲ್ಲ; ಎತ್ತಿದರೆ ಅವರನ್ನೂ ಸತ್ತವರ ಲೆಕ್ಕಕ್ಕೆ ಸೇರಿಸಿದಂತೆ. ಆ ಸಾಲಿಗೆ, ಕ್ಯಾಮೆರಾದವರನ್ನು ಕಟ್ಟಿಕೊಂಡು ಬಂದು ನಿಂತ ಪ್ರೊದಾನೊವ್! ಅವನ ಹಿಂದೆಯೇ ಇದ್ದ ಕೊತೆವ್‌ಗೆ ಮೈಯೆಲ್ಲ ಉರಿಯಿತು. ಗೋರಿಯ ಬಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ದೋಚ್ಕಾ ಪ್ರೊದಾನೊವ್‌ಗೂ ಒಂದು ಚಮಚ ಹಾಕಿದಳು.

"ದೇವರು ವೆನೆಲಿನ್‌ನ ಕ್ಷಮಿಸ್ಲಿ," ಎಂದ ಜನರಲ್.

"ಯಾವ ತಪ್ಪಿಗೆ ಸ್ವಾಮಿ?"

"ಅಯ್ಯೋ, ಎಲ್ಲರೂ ಹೇಳೋ ಮಾತಲ್ವೇನಮ್ಮಾ..."

"ಎಲ್ಲರೂ ಹೇಳ್ಲಿ. ತಪ್ಪು ನನ್ನ ಮಗಂದೇ ಅಂತ ಬರ್ಕೊಟ್ಟೋರು ನೀವು. ನಿಮ್ಮ ಬಾಯಲ್ಲಿ ಬೇಡ."

ಅವಳು ಸಾಲಿನ ಮುಂದಿನವರತ್ತ ತಿರುಗಿದಳು. ಕೊತೆವ್ ಅಂಗೈ ಚಾಚಿದ.

"ನನಗೆ ಹಾಕಮ್ಮ, ದೋಚ್ಕಾ."

ಗೋಧಿ ಅಂಗೈಗೆ ಬಿತ್ತು. ಕೊತೆವ್ ಜನರಲ್‌ನ ಮುಖವನ್ನೇ ನೋಡುತ್ತ, ಎಲ್ಲರಿಗೂ ಕೇಳುವಂತೆ ಹೇಳಿದ:

"ದೇವರು ಪ್ರೊದಾನೊವ್‌ನ ಕ್ಷಮಿಸ್ಲಿ."

ಪಾದ್ರಿ ಶಿಲುಬೆಯ ಗುರುತು ಮಾಡಿಕೊಂಡ. ಆಮೇಲೆ ಕೊತೆವ್‌ನ ಹಿಂದಿದ್ದ ಬ್ರೆಡ್ ಅಂಗಡಿಯವಳು ಕೈ ಚಾಚಿದಳು.

"ದೇವರು ಪ್ರೊದಾನೊವ್‌ನ ಕ್ಷಮಿಸ್ಲಿ."

ಅವಳ ಹಿಂದಿನ ಮುದುಕನೂ ಅದನ್ನೇ ಹೇಳಿದ. ಅವನ ಹಿಂದಿನವಳೂ. ಕೈಯಲ್ಲಿದ್ದ ಗೋಧಿಯನ್ನು ತಿನ್ನಲೂ ಆಗದೆ ಚೆಲ್ಲಲೂ ಆಗದೆ ಜನರಲ್ ನಿಂತಿದ್ದ. ಸಾಲಿನಲ್ಲಿ ಇನ್ನೂ ಊರಿಗೆ ಊರೇ ಇತ್ತು.